ಸೊತ್ತಿನ ರಕ್ಷಣೆ ಮತ್ತು ಶಹೀದನ ಪದವಿ



ಕಳೆದ ಶುಕ್ರವಾರ ನಮಾಝ್ ಮುಗಿದ ಬಳಿಕ ಒಬ್ಬ ಯುವಕ ನನ್ನ ಬಳಿ ಬಂದ. ಸಣ್ಣ ದಿನಸಿ ಅಂಗಡಿ ನಡೆಸುವವನು. ರಾತ್ರಿ ಕಳ್ಳರು ಶಟರ್ ಮುರಿದು ಗಲ್ಲಾಪೆಟ್ಟಿಗೆಯ ಹಣ ಒಯ್ದಿದ್ದಾರೆ. ಅಂದಿನಿಂದ ಆತ ಅಂಗಡಿಯಲ್ಲೇ ಮಲಗುತ್ತಾನೆ, ದಿಂಬಿನ ಪಕ್ಕ ಕತ್ತಿ. "ಉಸ್ತಾದ್, ಸೊತ್ತು ಕಾಯುತ್ತಾ ಸತ್ತರೆ ಶಹೀದ್ ಅಲ್ಲವಾ? ಮತ್ತೆ ಉಮ್ಮ ಯಾಕೆ ಅಳಬೇಕು?" ಎಂದು ಕೇಳಿದ.

ಆತ ಕೇಳಿದ ಹದೀಸ್ ಸರಿಯಾದದ್ದೇ. ತನ್ನ ಸೊತ್ತಿನ ರಕ್ಷಣೆಯಲ್ಲಿ ಕೊಲ್ಲಲ್ಪಟ್ಟವನು ಶಹೀದ್ ಎಂದು ಪ್ರವಾದಿ(ಸ) ಹೇಳಿರುವುದನ್ನು ಅಬ್ದುಲ್ಲಾ ಬಿನ್ ಅಮ್ರ್(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅರಫಾದಂದು ಪ್ರವಾದಿ(ಸ)ರವರು ರಕ್ತ ಮತ್ತು ಸೊತ್ತು ಎರಡನ್ನೂ ಒಟ್ಟಿಗೆ ಪವಿತ್ರವೆಂದು ಸಾರಿದರು. ಬೆವರು ಸುರಿಸಿ ಗಳಿಸಿದ್ದನ್ನು ದರೋಡೆಕೋರನಿಗೆ ಕೈಯೆತ್ತಿ ಕೊಡು ಎಂದು ಇಸ್ಲಾಮ್ ಹೇಳುವುದಿಲ್ಲ.

ಆದರೆ ನಮ್ಮ ಮೊಬೈಲ್‌ಗಳಲ್ಲಿ ಓಡಾಡುವುದು ಈ ಒಂದು ವಾಕ್ಯ ಮಾತ್ರ. ನಸಾಈಯಲ್ಲಿರುವ ಇನ್ನೊಂದು ವರದಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಒಬ್ಬರು ಬಂದು, ನನ್ನ ಸೊತ್ತು ಕಸಿಯಲು ಒಬ್ಬ ಬಂದರೆ ಏನು ಮಾಡಲಿ ಎಂದು ಕೇಳಿದರು. ಅಲ್ಲಾಹನನ್ನು ನೆನಪಿಸು ಎಂದರು ಪ್ರವಾದಿ(ಸ). ಅವನು ಕೇಳದಿದ್ದರೆ? ಸುತ್ತಲಿನ ಮುಸ್ಲಿಮರ ಸಹಾಯ ಪಡೆ. ಸುತ್ತ ಯಾರೂ ಇಲ್ಲದಿದ್ದರೆ? ಆಡಳಿತಗಾರನ ಸಹಾಯ ಪಡೆ. ಆತ ದೂರವಿದ್ದರೆ? ಆಗ ಹೋರಾಡು ಎಂದರು. ಒಂದೋ ಸೊತ್ತು ಉಳಿಯುತ್ತದೆ, ಇಲ್ಲವೇ ನೀನು ಪರಲೋಕದ ಶಹೀದರಲ್ಲಿ ಒಬ್ಬನಾಗುತ್ತೀ.

ಮೊದಲು ಮಾತು, ಮತ್ತೆ ನೆರೆಹೊರೆ, ಮತ್ತೆ ಆಡಳಿತ. ಕತ್ತಿ ಬರುವುದು ಇವೆಲ್ಲ ಮುಗಿದ ಮೇಲೆ. ನಮ್ಮ ಯುವಕ ಎಲ್ಲಿಂದ ಶುರು ಮಾಡಿದ್ದಾನೆ ನೋಡಿ.

ಕರ್ಮಶಾಸ್ತ್ರ ವಿದ್ವಾಂಸರೂ ಇದನ್ನೇ ಬಿಡಿಸಿ ಹೇಳಿದ್ದಾರೆ. ಕೂಗಿದರೆ ಓಡುವವನಿಗೆ ಹೊಡೆಯುವಂತಿಲ್ಲ, ಕೋಲು ಸಾಕಾದಲ್ಲಿ ಆಯುಧ ಎತ್ತುವಂತಿಲ್ಲ. ಬೆನ್ನು ತೋರಿಸಿ ಓಡಿದವನನ್ನು ಬೆನ್ನಟ್ಟಿ ಕಡಿಯುವುದು ರಕ್ಷಣೆಯಲ್ಲ. ಸಿಕ್ಕಿಬಿದ್ದ ಕಳ್ಳನನ್ನು ಕಂಬಕ್ಕೆ ಕಟ್ಟಿ ಊರೆಲ್ಲ ಸೇರಿ ಹೊಡೆಯುವುದಂತೂ ಶುದ್ಧ ಅಕ್ರಮ. ಅದನ್ನು ವೀಡಿಯೋ ಮಾಡುವವರಿಗೂ ಇದರಲ್ಲಿ ಪಾಲಿದೆ. ನಮ್ಮ ದೇಶದ ಕಾನೂನು ಕೂಡ ಹೆಚ್ಚು ದೂರವಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಪ್ರಾಣ ಮತ್ತು ಸೊತ್ತಿನ ರಕ್ಷಣೆಯ ಹಕ್ಕನ್ನು ಕೊಡುತ್ತವೆ. ಆದರೆ ಅಧಿಕಾರಿಗಳ ರಕ್ಷಣೆ ಕೋರಲು ಸಮಯವಿದ್ದಾಗ ಆ ಹಕ್ಕಿಲ್ಲ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತೆಯೂ ಇಲ್ಲ.

ಇನ್ನೊಂದು ಮಾತು. ಮನೆಯ ಹೆಂಗಸರ ಮಾನರಕ್ಷಣೆ ಕಡ್ಡಾಯ. ಸೊತ್ತಿಗಾಗಿ ಹೋರಾಡುವುದು ಅನುಮತಿಸಲ್ಪಟ್ಟದ್ದು, ಕಡ್ಡಾಯವಲ್ಲ ಎಂದು ಇಮಾಮ್ ನವವಿ(ರಹ) ಬರೆದಿದ್ದಾರೆ. ಜೀವ ಉಳಿಸಿಕೊಳ್ಳಲು ಹಣ ಬಿಟ್ಟುಕೊಟ್ಟವನು ಹೇಡಿಯಲ್ಲ, ಪಾಪಿಯೂ ಅಲ್ಲ.

ಇದಕ್ಕೆ ಸಯೀದ್ ಬಿನ್ ಝೈದ್(ರ)ರವರ ಬದುಕೇ ಸಾಕ್ಷಿ. ಸ್ವರ್ಗದ ಶುಭವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರು. ಸೊತ್ತು, ಪ್ರಾಣ, ಧರ್ಮ, ಕುಟುಂಬ ಇವುಗಳ ರಕ್ಷಣೆಯಲ್ಲಿ ಕೊಲ್ಲಲ್ಪಟ್ಟವನು ಶಹೀದ್ ಎಂಬ ಹದೀಸನ್ನು ತಿರ್ಮಿದಿ, ಅಬೂದಾವೂದ್‌ಗಳಲ್ಲಿ ವರದಿ ಮಾಡಿದವರು ಇವರೇ. ಒಮ್ಮೆ ಅರ್ವಾ ಎಂಬ ಮಹಿಳೆ, ಇವರು ನನ್ನ ಜಮೀನು ನುಂಗಿದ್ದಾರೆ ಎಂದು ಮರ್ವಾನನ ಬಳಿ ದೂರು ಒಯ್ದಳು. ಒಂದು ಗೇಣು ಭೂಮಿ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳನ್ನು ಸುತ್ತಲಾಗುವುದೆಂದು ಪ್ರವಾದಿ(ಸ)ರಿಂದ ಕೇಳಿದ ಮೇಲೂ ನಾನು ಆಕೆಯದ್ದನ್ನು ಕಬಳಿಸಿಯೇನೇ ಎಂದರು ಸಯೀದ್(ರ). ಜಮೀನನ್ನು ಆಕೆಗೇ ಬಿಟ್ಟುಬಿಡಿ ಎಂದರು. ತೀರ್ಪನ್ನು ಅಲ್ಲಾಹನಿಗೆ ಒಪ್ಪಿಸಿ ಸುಮ್ಮನಾದರು. ಆಕೆ ದೃಷ್ಟಿ ಕಳೆದುಕೊಂಡು, ಅದೇ ಜಾಗದಲ್ಲಿ ಬಿದ್ದು ಸತ್ತಳೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಬೇಲಿ ಒಂದು ಅಡಿ ಸರಿದದ್ದಕ್ಕೆ ಅಣ್ಣನ ಮೇಲೆ ಕೈ ಎತ್ತಿ, ಬಾಯಲ್ಲಿ ಶಹೀದ್ ಎನ್ನುವವರು ಈ ಹದೀಸ್ ವರದಿ ಮಾಡಿದವರು ಹೇಗೆ ನಡೆದುಕೊಂಡರೆಂದು ಯೋಚಿಸಲಿ. ಅಂದಹಾಗೆ, ಆ ಬೇಲಿಯೊಳಗೆ ತಂಗಿಯ ಪಾಲು ಸೇರಿಕೊಂಡಿಲ್ಲ ತಾನೇ?

ಪರಲೋಕದ ಶಹೀದ್ ಎಂದರೆ ಯಾರು ಎಂದೂ ಕೆಲವರು ಕೇಳುತ್ತಾರೆ. ಉಹುದ್‌ನ ಹುತಾತ್ಮರನ್ನು ಸ್ನಾನ ಮಾಡಿಸದೆ ರಕ್ತದ ಬಟ್ಟೆಯಲ್ಲೇ ದಫನ ಮಾಡಲಾಯಿತು. ಪ್ಲೇಗ್‌ನಿಂದ, ನೀರಿನಲ್ಲಿ ಮುಳುಗಿ, ಕಟ್ಟಡ ಕುಸಿದು ತೀರಿಕೊಂಡವರಿಗೂ ಶಹೀದರ ಪ್ರತಿಫಲವಿದೆ; ಆದರೆ ಅವರಿಗೆ ಸ್ನಾನ, ಕಫನ್, ಜನಾಝಾ ನಮಾಝ್ ಎಲ್ಲ ಇದೆ. ಶಾಫಿಈ ಮದ್‌ಹಬ್ ಪ್ರಕಾರ ಸೊತ್ತು ಕಾಯುತ್ತಾ ಸತ್ತವನೂ ಈ ಸಾಲಿನವನು. ಶಹೀದನಿಗೆ ಸಾಲವೊಂದನ್ನು ಬಿಟ್ಟು ಉಳಿದೆಲ್ಲ ಕ್ಷಮಿಸಲ್ಪಡುತ್ತದೆ ಎಂದೂ ಪ್ರವಾದಿ(ಸ) ಹೇಳಿದ್ದಾರೆ.

ಆ ಯುವಕನಲ್ಲಿ ಕೇಳಿದೆ, ಹೋಲ್‌ಸೇಲ್‌ನವರಿಗೆ ಬಾಕಿ ಇದೆಯಾ? ಇದೆ ಎಂದ. ಪೊಲೀಸ್ ದೂರು ಕೊಟ್ಟಿದ್ದೀಯಾ? ಇಲ್ಲ. ಪಕ್ಕದ ಅಂಗಡಿಯವರಿಗೆ ಹೇಳಿದ್ದೀಯಾ? ಅದೂ ಇಲ್ಲ.

ಇಂದು ನಮಾಝ್ ಬಳಿಕ ಜಮಾಅತ್‌ನ ಇಬ್ಬರು ಹಿರಿಯರು ಆತನ ಜೊತೆ ಠಾಣೆಗೆ ಹೋಗುತ್ತಾರೆ. ಆ ರಸ್ತೆಯಲ್ಲಿ ಅಂಗಡಿ ಇರುವವರು, ಯಾವ ಧರ್ಮದವರಾದರೂ ಸರಿ, ರಾತ್ರಿ ಕಾವಲಿನ ಬಗ್ಗೆ ಮಾತಾಡಲು ಮಗ್ರಿಬ್ ಬಳಿಕ ಮದ್ರಸದ ಹಾಲ್‌ಗೆ ಬರಲಿ. ಕತ್ತಿಯನ್ನು ಅವನ ಉಮ್ಮ ತೆಂಗಿನಕಾಯಿ ಸುಲಿಯಲು ಒಳಗಿಟ್ಟಿದ್ದಾರಂತೆ.