ಬಂದವರು, ಉಳಿಸಿಕೊಂಡವರು



ಬೀದರ್ ಊರೊಳಗೆ ನದಿ ಹರಿಯುವುದಿಲ್ಲ. ಒಂದು ಹಳೆಯ ಕಾಲುವೆ ಇದೆ, ಅದೂ ನೆಲದಡಿ. ನೌಬಾದಿನ ಕರೇಜ್. ಬಹಮನಿ ಕಾಲದಲ್ಲಿ ಜಂಬಿಟ್ಟಿಗೆ ಕಲ್ಲು ಕೊರೆದು ಮಾಡಿದ್ದು. ವಿದ್ಯೆ ಪರ್ಶಿಯಾದ್ದು, ನೆಲ ನಮ್ಮದು.

ಮಹಮೂದ್ ಗಾವಾನನೂ ಪರ್ಶಿಯಾ ಕಡೆಯವನೇ. 1453ರಲ್ಲಿ ಬಂದಾಗ ವ್ಯಾಪಾರಿ. ಮುಂದೆ ಬಹಮನಿಯರ ಪ್ರಧಾನಿಯಾದ. 1472ರಲ್ಲಿ ಮದರಸಾ ಕಟ್ಟಿಸಿದ. ನೋಡಲು ಹೋದವರು ಮಿನಾರು ನೋಡುತ್ತಾರೆ, ಬಣ್ಣದ ಹೆಂಚು ನೋಡುತ್ತಾರೆ. ನನಗೆ ಇಷ್ಟವಾಗುವುದು ಅಲ್ಲಿನ ಕೋಣೆಗಳು. ದೂರದಿಂದ ಓದಲು ಬಂದವರು, ಕಲಿಸಲು ಬಂದವರು ಅಲ್ಲೇ ಇರುತ್ತಿದ್ದರು. ಹುಡುಗರಿಗೆ ಊಟ, ವಸತಿ ಉಚಿತ. ಪರವೂರಿನ ಮೊದಲ ರಾತ್ರಿ ಎಂಥದ್ದೆಂದು ಗಾವಾನನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹೆಚ್ಚುಕಡಿಮೆ ಅದೇ ಕಾಲಕ್ಕೆ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಬೀದರಿಗೆ ಬಂದ. ಜೊತೆಗಿದ್ದ ಒಂದೇ ಕುದುರೆಯನ್ನು ಇಲ್ಲೇ ಮಾರಿದ. ಈ ದೇಶದಲ್ಲಿ ಪರದೇಶಿ ವರ್ತಕರು ಛತ್ರಗಳಲ್ಲಿ ಇಳಿಯುತ್ತಾರೆ, ಅಲ್ಲಿಯ ಹೆಂಗಸರು ಅಡುಗೆ ಮಾಡಿ ಹಾಸಿಗೆ ಹಾಸಿಕೊಡುತ್ತಾರೆ ಎಂದು ಬರೆದಿಟ್ಟ. ಅರಮನೆಯ ವೈಭವವನ್ನೂ ಬರೆದ, ಅದು ಬೇರೆ ಮಾತು. ದಣಿದವನಿಗೆ ಹಾಸಿಗೆಯೂ ಅಷ್ಟೇ ದೊಡ್ಡ ಸುದ್ದಿ!

1696ರಲ್ಲಿ ಆದ ಸ್ಫೋಟವೊಂದರಲ್ಲಿ ಮದರಸಾದ ಒಂದು ಭಾಗ ಕುಸಿಯಿತು. ಕೋಣೆಗಳು ಈಗ ಖಾಲಿ. ಉಣಬಡಿಸುವ ರೂಢಿ ಮಾತ್ರ ಊರಲ್ಲಿ ನಿಂತಿಲ್ಲ. ನಾನಕ್ ಝೀರಾ ಗುರುದ್ವಾರದಲ್ಲಿ ಇವತ್ತೂ ಲಂಗರ್ ನಡೆಯುತ್ತದೆ. ಪಂಜಾಬಿನಿಂದ ಬಂದ ಯಾತ್ರಿಕ, ಕೆಲಸಕ್ಕೆಂದು ಭಾಲ್ಕಿಯಿಂದಲೋ ಔರಾದಿನಿಂದಲೋ ಬಂದ ರೈತ, ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬಹುದು. ಯಾವೂರು, ಯಾರ ಪೈಕಿ ಎಂದು ಅಲ್ಲಿ ಕೇಳುವುದಿಲ್ಲ. ಇನ್ನೊಂದು ರೊಟ್ಟಿ ಬೇಕಾ ಎಂದಷ್ಟೇ ಕೇಳುತ್ತಾರೆ.