ಗುಡ್ಡ ಯಾರದು?

(ರಾಮದುರ್ಗದಲ್ಲಿ ಗುಡ್ಡ ಹತ್ತುವ ತರುಣರ ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗೆ ಕರೆಯಿಸಿಕೊಂಡವನು ದೀಪ ಹಚ್ಚಿ, ಪರಿಸರ ಉಳಿಸಿರೆಂದು ನಾಲ್ಕು ಮಾತು ಹೇಳಿ, ಹಾರ ಹಾಕಿಸಿಕೊಂಡು ಹೋಗುವುದು ವಾಡಿಕೆ. ನಾನೂ ಹಾಗೆಯೇ ಮಾಡಿ ಹೋಗುತ್ತಿದ್ದೆನೋ ಏನೋ. ಆದರೆ ನಿನ್ನೆ ಸಂಜೆ ನಿಮ್ಮ ಕಾರ್ಯದರ್ಶಿಗಳು ಸಭೆಯ ಕಾಗದವನ್ನು ಮನೆಗೆ ತಂದುಕೊಟ್ಟರು. ಅದರಲ್ಲಿ ಎರಡು ಠರಾವುಗಳಿವೆ. ವರ್ಗಣಿಯನ್ನು ಹೆಚ್ಚಿಸಿ, ಬೂಟು ಮತ್ತು ಒಂದೇ ನಮೂನೆಯ ಅಂಗಿಯನ್ನು ಕಡ್ಡಾಯ ಮಾಡಬೇಕೆಂಬುದು ಒಂದು. ಶಬರಿಕೊಳ್ಳದ ಸುತ್ತಲಿನ ಗುಡ್ಡಗಳಲ್ಲಿ ಕಟ್ಟಿಗೆ ಆರಿಸುವುದನ್ನೂ ಕುರಿ ಮೇಯಿಸುವುದನ್ನೂ ನಿಲ್ಲಿಸಬೇಕೆಂದು ಅರಣ್ಯ ಇಲಾಖೆಗೆ ಮನವಿ ಕೊಡಬೇಕೆಂಬುದು ಇನ್ನೊಂದು. ಈ ಎರಡನ್ನೂ ಓದಿದ ಮೇಲೆ ಹಿತವಚನ ಹೇಳುವ ಮನಸ್ಸು ಉಳಿಯಲಿಲ್ಲ. ವಾದ ಮಾಡಲಿಕ್ಕೆ ಬಂದಿದ್ದೇನೆ.

ಮೊದಲು ವರ್ಗಣಿಯ ಮಾತು. ನಾನು ಎಂಟು ವರ್ಷ ಮಾಸ್ತರಿಕೆ ಮಾಡಿದವನು. ಒಂದು ಶನಿವಾರ ಬೆಳಗಿನ ಸಾಲಿ ಬಿಟ್ಟ ಮೇಲೆ ಹುಡುಗರನ್ನು ಕರೆದುಕೊಂಡು ಗುಡ್ಡ ಹತ್ತಿದೆ. ಎಲ್ಲರಿಗಿಂತ ಮುಂದೆ ಒಬ್ಬ ನೇಕಾರರ ಹುಡುಗ, ಬರಿಗಾಲು. ನೆತ್ತಿಯ ಮೇಲೆ ನಿಂತು ಕೆಳಗೆ ನೋಡಿದವನೇ, “ಸರ್, ನಮ್ಮನಿ ಯಾವುದ್ರಿ?” ಎಂದ. ತೋರಿಸಿದೆ. ಬಹಳ ಹೊತ್ತು ನೋಡಿದ. ಮಲಪ್ರಭೆ ಊರನ್ನು ಬಳಸಿಕೊಂಡು ಹೋಗುತ್ತಾಳೆಂಬುದನ್ನು ನಾನು ನಕಾಶೆಯಲ್ಲಿ ವರ್ಷವಿಡೀ ತೋರಿಸಿದ್ದೆ. ಅವನಿಗೆ ತಿಳಿದದ್ದು ಆ ದಿನ. ಮರುದಿನ ಅವರಪ್ಪ ನನ್ನನ್ನು ಹುಡುಕಿಕೊಂಡು ಬಂದ. ಜಗಳಕ್ಕಲ್ಲ, ಪಾಪ, ಕೈಮುಗಿದೇ ಹೇಳಿದ: “ಮಾಸ್ತರ್ರ, ಅಂವ ಅರ್ಧಾ ದಿನ ಕಂಡಿಕಿ ಸುತ್ತಲಿಲ್ಲಂದ್ರ ನಮ್ಮ ಮಗ್ಗ ನಿಲ್ಲತೈತ್ರಿ. ಗುಡ್ಡಾ ಹತ್ತಸಬ್ಯಾಡ್ರಿ.”

ಅಂದಿನಿಂದ ಒಂದು ಮಾತು ನನಗೆ ಮನದಟ್ಟಾಗಿದೆ. ಗುಡ್ಡ ಹತ್ತಲಿಕ್ಕೆ ಬೇಕಾದದ್ದು ಬೂಟಲ್ಲ, ಬಿಡುವು. ಬಿಡುವು ಇದ್ದವನ ಹತ್ತಿರ ಬೂಟು ಹೇಗೂ ಇರುತ್ತದೆ. ಇಲ್ಲದವನಿಗೆ ಹೇಗೋ ಅರ್ಧ ದಿನ ದೊರಕಿದರೆ, ಆಗ ನಾವು ಬಾಗಿಲಲ್ಲಿ ನಿಂತು, “ಬೂಟು ಎಲ್ಲಿ? ಅಂಗಿ ಎಲ್ಲಿ?” ಎಂದು ಕೇಳಬೇಕೇ? ನೀವು ಠರಾವಿನಲ್ಲಿ ಬರೆದ ವರ್ಗಣಿ, ಈ ಊರ ಕೂಲಿ ನೇಕಾರನ ಹಲವು ದಿನಗಳ ದುಡಿಮೆ. ಆ ಲೆಕ್ಕವನ್ನು ಬರೆಯುವಾಗ ಯಾರೂ ಹಾಕಲಿಲ್ಲವೆಂದು ಕಾಣುತ್ತದೆ.

ಇದು ನಮ್ಮ ಊರಿಗಷ್ಟೇ ಬಂದ ಪ್ರಶ್ನೆಯಲ್ಲ. ಯುರೋಪದ ಆಸ್ಟ್ರಿಯಾ ದೇಶದಲ್ಲಿ ಗುಡ್ಡ ಹತ್ತುವವರ ಸಂಘ 1862ರಲ್ಲಿಯೇ ಹುಟ್ಟಿತ್ತು. ಅದು ವಕೀಲರ, ಪ್ರಾಧ್ಯಾಪಕರ, ಉಳ್ಳವರ ಸಂಘ. ಕಾರಖಾನೆಯ ಕೂಲಿಗೆ ಆಲ್ಪ್ಸ್ ಪರ್ವತವು ದೂರದಿಂದ ನೋಡುವ ಚಿತ್ರವಾಗಿತ್ತು. 1895ರಲ್ಲಿ ವಿಯೆನ್ನಾ ಪಟ್ಟಣದ ಗೇಯೋರ್ಗ್ ಷ್ಮೀಡ್ಲ್ ಎಂಬಾತನು ಅಲ್ಲಿಯ ಕಾರ್ಮಿಕರ ಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು ಹಾಕಿದ: ನಿಸರ್ಗವನ್ನು ಪ್ರೀತಿಸುವವರು ಕೂಡಿ ತಿರುಗಾಟದ ಗುಂಪು ಕಟ್ಟೋಣ, ವಿಳಾಸ ಕಳಿಸಿರಿ ಎಂದು. ಈತನು ಸಾಲಿಯ ಮಾಸ್ತರ. (ಮಾಸ್ತರರು ಸುಮ್ಮನೆ ಇರುವವರಲ್ಲ ಎಂದು ನೀವು ನಗಬಹುದು. ನಗಿರಿ.) ಅವನ ಜೊತೆಗೆ ಬಂದವರಲ್ಲಿ ಅಲೋಯಿಸ್ ರೋರಾವರ್ ಎಂಬ ಕಮ್ಮಾರ ಮತ್ತು ಕಾರ್ಲ್ ರೆನ್ನರ್ ಎಂಬ ವಿದ್ಯಾರ್ಥಿ. ಆ ವಿದ್ಯಾರ್ಥಿಯೇ ಮುಂದೆ 1945ರಲ್ಲಿ ಆಸ್ಟ್ರಿಯಾದ ರಾಷ್ಟ್ರಾಧ್ಯಕ್ಷನಾದನು. ಹೀಗೆ ‘ನಿಸರ್ಗಮಿತ್ರರು’ ಎಂಬ ಕಾರ್ಮಿಕರ ಸಂಘ ಹುಟ್ಟಿತು. ರಜೆಯ ದಿನ ಸದಸ್ಯರೇ ಕಲ್ಲು ಹೊತ್ತು, ಮರ ಕೊಯ್ದು, ಗುಡ್ಡದ ಮೇಲೆ ತಂಗುವ ಮನೆಗಳನ್ನು ಕಟ್ಟಿದರು. ಒಬ್ಬರನ್ನೊಬ್ಬರು ಕಂಡಾಗ ಅವರು ಹೇಳುತ್ತಿದ್ದ ನಮಸ್ಕಾರವೇ ‘ಗುಡ್ಡ ಮುಕ್ತವಾಗಲಿ’ ಎಂಬ ಅರ್ಥದ್ದು. ಜರ್ಮನಿಯಲ್ಲಿ 1933ರಲ್ಲಿ ನಾಜಿಗಳು, ಆಸ್ಟ್ರಿಯಾದಲ್ಲಿ 1934ರಲ್ಲಿ ಅಲ್ಲಿಯ ಸರ್ವಾಧಿಕಾರಿಗಳು ಈ ಸಂಘವನ್ನು ನಿಷೇಧಿಸಿ ಆ ಮನೆಗಳನ್ನು ಕಸಿದುಕೊಂಡರು. ಬರೇ ನಡೆದಾಡುವವರ ಸಂಘಕ್ಕೆ ಸರ್ವಾಧಿಕಾರಿ ಯಾಕೆ ಅಂಜಬೇಕು? ಕೂಲಿಗಳು ಕೂಡಿ ಬುತ್ತಿ ಬಿಚ್ಚಿ ಉಂಡರೆ, ಮಾತನಾಡುತ್ತಾರೆ. ಅಂಜಿಕೆ ಅಷ್ಟೇ.

ಇಂಗ್ಲಂಡದ ಕಥೆ ಇನ್ನೂ ಮಜಾ ಇದೆ. ಮ್ಯಾಂಚೆಸ್ಟರ್ ಎಂದರೆ ನಮ್ಮಂತೆಯೇ ನೂಲು ಬಟ್ಟೆಯ ಊರು. ಅದರ ಪಕ್ಕದಲ್ಲಿ ಕಿಂಡರ್ ಸ್ಕೌಟ್ ಎಂಬ ಎತ್ತರದ ಗುಡ್ಡಗಾಡು. ಅದು ಶ್ರೀಮಂತರು ಹಕ್ಕಿ ಬೇಟೆಯಾಡುವ ಜಾಗ. ವರ್ಷದ ಕೆಲವೇ ದಿನಗಳ ಬೇಟೆಗಾಗಿ ಉಳಿದೆಲ್ಲ ದಿನ ಕಾವಲುಗಾರರು ಜನರನ್ನು ಹೊರಗೆ ಹಾಕುತ್ತಿದ್ದರು. 1932ರ ಎಪ್ರಿಲ್ 24, ರವಿವಾರ, ಸುಮಾರು ನಾಲ್ಕುನೂರು ತರುಣ ತರುಣಿಯರು ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತು ವರ್ಷದ ಹುಡುಗನ ಮುಂದಾಳುತನದಲ್ಲಿ ಬೇಕೆಂದೇ ಗುಡ್ಡದೊಳಗೆ ನುಗ್ಗಿದರು. ಕಾವಲುಗಾರರೊಡನೆ ತಳ್ಳಾಟವಾಯಿತು. ಐವರಿಗೆ ಜೈಲಾಯಿತು. ಗುಡ್ಡದ ಮೇಲೆ ನಡೆದದ್ದಕ್ಕೆ ಜೈಲು! ಆದರೆ ಆ ಜೈಲೇ ದೇಶವನ್ನು ಎಬ್ಬಿಸಿತು. 1949ರಲ್ಲಿ ಕಾಯದೆ ಬಂತು. 1951ರಲ್ಲಿ ಅದೇ ಸೀಮೆಯು ಆ ದೇಶದ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ, ಎಪ್ಪತ್ತು ವರ್ಷಗಳ ನೆನಪಿನ ಸಭೆಯಲ್ಲಿ, ಅಂದಿನ ಜಮೀನುದಾರ ಡ್ಯೂಕನ ಮೊಮ್ಮಗ ಎದ್ದುನಿಂತು, ನಮ್ಮ ಅಜ್ಜ ಮಾಡಿದ್ದು ತಪ್ಪು ಎಂದು ಕ್ಷಮೆ ಕೇಳಿದ.

ಇದನ್ನು ನಾನು ಯಾಕೆ ಹೇಳಿದೆ? ಅಲ್ಲಿ ಗುಡ್ಡ ಉಳಿದದ್ದು ಜನರನ್ನು ಒಳಗೆ ಬಿಟ್ಟುದರಿಂದ. ನೀವು ತಂದ ಎರಡನೆಯ ಠರಾವು ಜನರನ್ನು ಹೊರಗೆ ಹಾಕಲು ಹೊರಟಿದೆ. ನಡೆಯುವವರು ನಾವು, ಆದರೆ ಕಾವಲುಗಾರನ ಕೋಲನ್ನು ಕೈಯಲ್ಲಿ ಹಿಡಿದಿದ್ದೇವೆ.

ಸಿಟ್ಟಾಗಬೇಡಿರಿ. ನಿಮ್ಮ ಕಳಕಳಿ ಸುಳ್ಳಲ್ಲ. ಶಬರಿಕೊಳ್ಳದ ಮೇಲಿನ ಇಳಿಜಾರು ಬೋಳಾಗುತ್ತಿದೆ, ನಾನೂ ಕಂಡಿದ್ದೇನೆ. ಕುರಿ ಹೆಚ್ಚಾದರೆ ಸಸಿ ಏಳುವುದಿಲ್ಲವೆಂಬುದು ನಿಜ. ಹೊಸ ಹುಲ್ಲಿಗಾಗಿ ಬೇಸಿಗೆಯಲ್ಲಿ ಬೆಂಕಿ ಹಚ್ಚುವವರೂ ಇದ್ದಾರೆ, ಅದನ್ನೂ ಮುಚ್ಚಿಡುವುದಿಲ್ಲ. ಬಡವರು ಮಾಡಿದ್ದೆಲ್ಲ ಸರಿ ಎನ್ನುವವನು ನಾನಲ್ಲ. ಆದರೆ ಕಟ್ಟಿಗೆ ಹೊರೆ ಹೊತ್ತು ಇಳಿಯುವ ಹೆಣ್ಣುಮಗಳನ್ನು ನಿಲ್ಲಿಸಿ ಕೇಳಿರಿ. ಅವಳ ಮನೆಯಲ್ಲಿ ಗ್ಯಾಸಿನ ಸಿಲಿಂಡರು ಇದೆ. ಮುಗಿದದ್ದನ್ನು ಮತ್ತೆ ತುಂಬಿಸಲು ರೊಕ್ಕ ಇಲ್ಲ. ಅವಳು ಆರಿಸುವುದು ಬಿದ್ದ ಒಣ ಕಟ್ಟಿಗೆ, ಜಾಲಿ ಕಂಟಿ. ಅವಳ ತಲೆಯ ಮೇಲಿನ ಹೊರೆ ನಮಗೆ ಕಾಣುತ್ತದೆ. ರಾತ್ರಿ ಹೊಳೆಯಿಂದ ಉಸುಕು ಹೊತ್ತು ಹೋಗುವ ಟ್ರ್ಯಾಕ್ಟರು ಕಾಣುವುದಿಲ್ಲ. ಕಾಣುತ್ತದೆ, ಆದರೆ ಅದರ ಮೇಲೆ ಠರಾವು ಬರೆಯಲಿಕ್ಕೆ ಕೈ ನಡುಗುತ್ತದೆ.

ಮೊನ್ನೆ ಸುರೇಬಾನದ ಕಡೆ ಹೋದಾಗ ಒಬ್ಬ ಹಿರಿಯ ಕುರಿಗಾರನನ್ನು ಮಾತಾಡಿಸಿದೆ. ನಿಮ್ಮ ಠರಾವಿನ ಸುದ್ದಿ ತಿಳಿಸಿದೆ. ಅವನು ಕೋಲೂರಿ ನಿಂತು ನಕ್ಕ. “ಮಾಸ್ತರ್ರ, ಗುಡ್ಡಾ ಬೋಳ ಆದ್ರ ಮೊದಲ ಸಾಯಾವ್ರು ಯಾರ್ರಿ? ಆ ಹುಡುಗೂರು ಮನಿಗೆ ಹೋಗಿ ಚಹಾ ಕುಡೀತಾವು. ನಾವು ಎಲ್ಲಿಗೆ ಹೋಗೂನು?” ಅನಂತರ ಅವನೇ ಹೇಳಿದ: ಎಲ್ಲ ಕುರಿಗಾರರೂ ಕೂತು ಒಪ್ಪಿದರೆ ಗುಡ್ಡದ ಒಂದು ಮಗ್ಗುಲನ್ನು ಎರಡು ಮಳೆಗಾಲ ಬಿಟ್ಟುಬಿಡಬಹುದು, ಸಸಿ ಮೇಲೇಳುತ್ತವೆ, ಆಮೇಲೆ ಇನ್ನೊಂದು ಮಗ್ಗುಲು. ತೋಳ ಯಾವ ಕಡೆಯಿಂದ ಇಳಿಯುತ್ತದೆ, ನವಿಲು ಎಲ್ಲಿ ತತ್ತಿ ಇಡುತ್ತದೆ, ಯಾವ ಒರತೆ ಯುಗಾದಿಯ ವರೆಗೆ ಬತ್ತುವುದಿಲ್ಲ, ಎಲ್ಲವೂ ಅವನಿಗೆ ಬಾಯಿಪಾಠ. ನಮ್ಮ ಕೂಟದ ಪಟ್ಟಿಯಲ್ಲಿ ಅಂಥ ಒಂದು ಹೆಸರಾದರೂ ಇದೆಯೇ?

ಸಂಘ ಮತ್ತು ಸಂರಕ್ಷಣೆ ಎಂಬ ಈ ವಿಷಯದಲ್ಲಿ ನಮ್ಮ ನಾಡಿನದೇ ಒಂದು ಉದಾಹರಣೆ ಇದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾವೇರಿಯಲ್ಲಿ ಮಹಶೀರ್ ಎಂಬ ಭಾರೀ ಮೀನು ಇದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದದ್ದು 120 ಪೌಂಡು ತೂಗಿತು. ಆಮೇಲೆ ನದಿಯಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವ ಚಟ ಹಬ್ಬಿತು. ಒಂದು ಸಿಡಿತಕ್ಕೆ ಮರಿಯಿಂದ ಹಿಡಿದು ಎಲ್ಲವೂ ಸತ್ತು ತೇಲುತ್ತವೆ. 1970ರ ದಶಕದಲ್ಲಿ ಬೆಂಗಳೂರಿನ ಗಾಳ ಹಾಕುವ ಹವ್ಯಾಸಿಗಳ ಒಂದು ಸಂಘ, ವೈಲ್ಡ್‌ಲೈಫ್ ಅಸೋಸಿಯೇಶನ್ ಆಫ್ ಸೌತ್ ಇಂಡಿಯಾ, ನದಿಯ ಒಂದು ಭಾಗವನ್ನು ಗುತ್ತಿಗೆ ಹಿಡಿಯಿತು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ನೀರಿಗೆ ಬಿಡಬೇಕೆಂಬುದು ಅಲ್ಲಿಯ ನೇಮ. ಕಾವಲಿಗೆ ಅವರು ಇಟ್ಟದ್ದು ಆ ದಂಡೆಯ ಊರಿನವರನ್ನೇ, ಮೊದಲು ಕದ್ದು ಮೀನು ಹಿಡಿಯುತ್ತಿದ್ದವರನ್ನೂ ಕೂಡ. ಸಿಡಿಮದ್ದು ಎಲ್ಲಿ ಬೀಳುತ್ತದೆಂದು ಹಾಕಿದವನಿಗಿಂತ ಹೆಚ್ಚು ತಿಳಿದವರು ಯಾರು?

ಆ ಗಾಳದವರು ಹೆಚ್ಚಾಗಿ ದುಡ್ಡುಳ್ಳವರು, ನಮ್ಮ ಪಂಕ್ತಿಯವರಲ್ಲ. ಆದರೂ ಒಳ್ಳೆಯದನ್ನು ಒಳ್ಳೆಯದೆನ್ನಬೇಕು. ಅವರ ತಪ್ಪುಗಳಿಂದಲೂ ಕಲಿಯುವುದಿದೆ. ಮೀನು ಹೆಚ್ಚಲೆಂದು ಆ ಕಾಲದಲ್ಲಿ ಲೋಣಾವಳಾದ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅದು ಬೇರೆ ಜಾತಿಯ ಮಹಶೀರ್. ಗಾಲಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರ ವರೆಗೆ ಇಟ್ಟ ದಿನವಹಿಯನ್ನು ವಿಜ್ಞಾನಿಗಳು ತೆರೆದು ನೋಡಿದಾಗ ಗೊತ್ತಾಯಿತು: ಮೀನಿನ ಸಂಖ್ಯೆ ಏರಿದೆ, ಆದರೆ ಏರಿದ್ದು ಹೊರಗಿನ ಮೀನು, ಕಾವೇರಿಯ ಸ್ವಂತ ಗೂನುಬೆನ್ನಿನ ಮಹಶೀರ್ ಇಳಿಯುತ್ತ ಹೋಗಿದೆ. 2018ರಲ್ಲಿ ಅದನ್ನು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಅಭಯಾರಣ್ಯದೊಳಗೆ ಗಾಳ ಹಾಕುವುದು ಕಾನೂನಿನ ಪ್ರಕಾರ ನಿಂತಿತು. ಅದರ ಜೊತೆಗೆ ಆ ದಿನವಹಿಯೂ ನಿಂತಿತು. ನಾನು ಇದರಿಂದ ತಿಳಿದುಕೊಂಡದ್ದು ಎರಡು ಸಂಗತಿ. ಯಾವ ಗಿಡವನ್ನಾದರೂ ತಂದು ನೆಟ್ಟು ಭಾವಚಿತ್ರ ತೆಗೆಸಿಕೊಳ್ಳುವುದು ಸಂರಕ್ಷಣೆಯಲ್ಲ. ಇನ್ನೊಂದು, ಬರೆದಿಡುವ ಪುಸ್ತಕ ಬೇಕು.

ಗಿಡದ ಮಾತು ಬಂದಿತೆಂದು ಹಾನಗಲ್ ತಾಲೂಕಿನ ಕುಸನೂರನ್ನು ನೆನೆಯುತ್ತೇನೆ. 1984ರಲ್ಲಿ ಸರಕಾರವೂ ಒಂದು ಖಾಸಗಿ ಕಾರಖಾನೆಯೂ ಕೂಡಿ ಕಂಪನಿ ಮಾಡಿ, ಹಳ್ಳಿಗಳ ಸಾರ್ವಜನಿಕ ಜಮೀನಿನಲ್ಲಿ ನೀಲಗಿರಿ ಬೆಳೆಸಲು ಹೊರಟವು. ಕಾಗದದ ಮೇಲೆ ಅದೂ ‘ಅರಣ್ಯ ಬೆಳೆಸುವ’ ಕೆಲಸವೇ! ದನಕ್ಕೆ ಹುಲ್ಲಿಲ್ಲ, ಒಲೆಗೆ ಕಟ್ಟಿಗೆ ಇಲ್ಲ. 1987ರ ನವಂಬರ 14ರಂದು ಜನರು ಕುಸನೂರಿನಲ್ಲಿ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವೆಂದು ಅದಕ್ಕೆ ಹೆಸರಾಯಿತು. ಕೊನೆಗೆ ಆ ಕಂಪನಿ ಮುಚ್ಚಿತು. ಕಟ್ಟಿಗೆ ಆರಿಸುವವರೇ, ಕುರಿ ದನ ಕಾಯುವವರೇ ಭೂಮಿಯನ್ನು ಉಳಿಸಿದರು. ಈ ಊರಿಗೂ ಅಂಥ ನೆನಪು ಇಲ್ಲದಿಲ್ಲ. 1939ರ ಎಪ್ರಿಲ್‌ನಲ್ಲಿ ಸಂಸ್ಥಾನದ ದಬ್ಬಾಳಿಕೆಗೆ ಎದುರಾಗಿ ಇಲ್ಲಿ ನೆತ್ತರು ಹರಿದದ್ದು ನಿಮ್ಮ ಅಜ್ಜಂದಿರಿಗೆ ಗೊತ್ತಿತ್ತು.

ಹಾಗಾದರೆ ಕೂಟ ಮಾಡಬೇಕಾದದ್ದೇನು? 2019ರ ಆಗಸ್ಟಿನ ಮಹಾಪೂರವನ್ನು ನೆನೆಯಿರಿ. ಹೊಳೆ ಊರೊಳಗೆ ಬಂತು, ಮಗ್ಗಗಳು ನೀರಲ್ಲಿ ನಿಂತವು. ಆ ವಾರ ಓಣಿಯ ಹುಡುಗರು ಯಾರೂ ಹೇಳದೆ ಹಗ್ಗ ಹಿಡಿದು ನೀರಿಗಿಳಿದರು, ಮುದುಕರನ್ನು ಹೊತ್ತು ತಂದರು, ಯಾರ ಮನೆಯ ರೊಟ್ಟಿ ಎಂದು ಕೇಳದೆ ಹಂಚಿಕೊಂಡು ತಿಂದರು. ನಿಮ್ಮಲ್ಲಿ ಹಲವರು ಆ ಹುಡುಗರೇ. ನನ್ನ ಕಣ್ಣಿಗೆ ಈ ಕೂಟ ಹುಟ್ಟಿದ್ದು ಆ ದಿನ. ಹೆಸರು ಆಮೇಲೆ ಬಂತು. ಅಂದು ವರ್ಗಣಿ ಎಷ್ಟಿತ್ತು?

ಆದುದರಿಂದ ನನ್ನ ಸೂಚನೆ ಇಷ್ಟು. ವರ್ಗಣಿ ಇದ್ದಷ್ಟೇ ಇರಲಿ. ಕೊಡಲಾರದವನು ಒಂದು ದಿನ ಕೆಲಸ ಮಾಡಿ ತೀರಿಸಲಿ. ಬೂಟು ಇದ್ದವರು ಹಾಕಿಕೊಳ್ಳಲಿ. ತಿಂಗಳಿಗೊಂದು ನಡಿಗೆ ಮಗ್ಗಗಳಿಗೆ ಸೂಟಿ ಇರುವ ದಿನವೇ ಆಗಲಿ. ಹೆಣ್ಣುಮಕ್ಕಳು ಬರುವುದಿಲ್ಲವೆಂದು ನಿಮ್ಮ ವರದಿಯಲ್ಲಿ ಬರೆದಿದ್ದೀರಿ. ನಸುಕಿನ ಐದಕ್ಕೆ ಹೊರಡುವ ನಡಿಗೆಗೆ, ನೀರು ತುಂಬಿ ರೊಟ್ಟಿ ಬಡಿಯಬೇಕಾದವಳು ಹೇಗೆ ಬಂದಾಳು? ಹೊತ್ತು ಬದಲಿಸಿರಿ. ಶಬರಿಕೊಳ್ಳದಲ್ಲಿ ಜನ ಸೇರಿ ಹೋದ ಮೇಲೆ ಉಳಿಯುವ ಪ್ಲಾಸ್ಟಿಕ್ಕು, ಪತ್ರಾವಳಿ ಎತ್ತುವುದಿರಲಿ. ಅದಕ್ಕಿಂತ ಮೊದಲು ಅಂಗಡಿಕಾರರೊಡನೆ ಕೂತು ಮಾತಾಡುವುದಾಗಲಿ. ಒರತೆಗಳ ಲೆಕ್ಕ ಒಂದು ಪುಸ್ತಕದಲ್ಲಿ ಇಡಿರಿ: ಯಾವ ತಿಂಗಳು ಎಷ್ಟು ನೀರು, ಯಾವ ಹಕ್ಕಿ, ಯಾವ ಗಿಡ ಹೂ ಬಿಟ್ಟಿತು. ಉಸುಕಿನ ಟ್ರ್ಯಾಕ್ಟರುಗಳ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ, ದಿನಾಂಕ ಸಹಿತ ಬರೆಯಿರಿ. ಅದನ್ನು ಬರೆಯುವವನ ಬೆನ್ನಿಗೆ ಇಡೀ ಕೂಟ ನಿಲ್ಲಬೇಕು, ಒಬ್ಬನನ್ನೇ ಮುಂದೆ ಮಾಡಿ ಸರಿದು ನಿಲ್ಲಬಾರದು.

ಎರಡನೆಯ ಠರಾವನ್ನು ಹಿಂದಕ್ಕೆ ತೆಗೆದುಕೊಂಡು, ಅದರ ಜಾಗದಲ್ಲಿ ಕುರಿಗಾರರನ್ನೂ ಕಟ್ಟಿಗೆಯ ತಾಯಂದಿರನ್ನೂ ಕೂಡಿಸಿ ಒಂದು ಸಭೆ ಕರೆಯಬೇಕೆಂದು ತಿದ್ದುಪಡಿ ಕೊಡುತ್ತಿದ್ದೇನೆ. ಸಭೆ ಈ ಹಾಲಿನಲ್ಲಿ ಬೇಡ, ಅವರು ಇಲ್ಲಿ ಕುರ್ಚಿಯ ಮೇಲೆ ಕೂತು ಬಾಯಿ ಬಿಡುವುದಿಲ್ಲ. ಗುಡ್ಡದ ಕೆಳಗೆ, ಕುರಿ ತಂಗುವ ಹೊಲದಲ್ಲಿ ಆಗಲಿ. ಆ ಹಿರಿಯನು ಬರುವ ಅಮವಾಸ್ಯೆಗೆ ಅಲ್ಲಿಯೇ ಇರುತ್ತೇನೆಂದು ಹೇಳಿದ್ದಾನೆ. ನಾನು ಸದಸ್ಯನಲ್ಲದ್ದರಿಂದ ನನಗೆ ಮತವಿಲ್ಲ. ಅಧ್ಯಕ್ಷರು ಒಪ್ಪಿದರೆ ಈಗಲೇ ಹಳೆಯ ವರ್ಗಣಿ ಕೊಟ್ಟು ಸದಸ್ಯನಾಗುತ್ತೇನೆ, ಆಮೇಲೆ ಕೈ ಎತ್ತುತ್ತೇನೆ.