ಸರಕಿನ ವಿಮಾನಗಳು

ಕುಮಟೆಯ ಹೆಸರು ಒಂದು ಕಾಲದಲ್ಲಿ ಇಂಗ್ಲೆಂಡಿನ ಹತ್ತಿಯ ವರ್ತಕರ ಬಾಯಲ್ಲಿಯೂ ಇದ್ದಿತು. 'ಕುಮಟಾ ಹತ್ತಿ' ಎಂಬುದು ಅವರು ಚೆನ್ನಾಗಿ ಬಲ್ಲ ಸರಕು. ಆದರೆ ಕುಮಟೆಯನ್ನು ಒಮ್ಮೆಯಾದರೂ ನೋಡಿದವರಿಗೆ ಇದು ಸೋಜಿಗವಾಗಿ ತೋರದಿರದು. ಮಳೆಗಾಲ ಬಂದಿತೆಂದರೆ ಹಗಲೂ ರಾತ್ರಿಯೂ ನೀರು ಸುರಿಯುವ ಈ ಕರಾವಳಿಯ ಊರಿನಲ್ಲಿ ಹತ್ತಿಯೆಲ್ಲಿ ಬೆಳೆದೀತು? ಬೆಳೆಯುತ್ತಿದ್ದುದು ಘಟ್ಟದ ಆಚೆ, ಧಾರವಾಡ ಸೀಮೆಯ ಎರೆಯ ನೆಲದಲ್ಲಿ. ಅಲ್ಲಿಂದ ಅದು ಹೇರೆತ್ತುಗಳ ಬೆನ್ನಿನ ಮೇಲೆ, ಮುಂದೆ ರಸ್ತೆಯಾದ ಬಳಿಕ ಗಾಡಿಗಳಲ್ಲಿ, ಘಟ್ಟವಿಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಬಂದರಿನಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ದೂರದೇಶಗಳಿಗೆ ಹೋಗುತ್ತಿತ್ತು. ಬೆಳೆದ ನೆಲದ ಹೆಸರು ಹಿಂದಾಗಿ, ಸಾಗಿಸಿದ ಬಂದರಿನ ಹೆಸರೇ ಸರಕಿಗೆ ಅಂಟಿಕೊಂಡಿತು.

1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ, ಹಿಂದೂದೇಶದ ಹತ್ತಿಗೆ ಬೆಲೆ ಏರಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದಕ್ಕೆ ಈ ಹತ್ತಿಯ ವ್ಯಾಪಾರವೂ ಒಂದು ಕಾರಣ. ಆದರೆ 1880ರ ದಶಕದ ಕೊನೆಗೆ ರೈಲುಹಾದಿಯು ಲೋಂಡಾ ಮಾರ್ಗವಾಗಿ ಮರ್ಮಗೋವೆಯ ಬಂದರನ್ನು ಮುಟ್ಟಿತು. ಧಾರವಾಡದ ಹತ್ತಿ ಎತ್ತಿನ ಬೆನ್ನನ್ನು ಬಿಟ್ಟು ಹಳಿಯನ್ನು ಹಿಡಿಯಿತು. ಕುಮಟೆಯ ಸಮುದ್ರ ಎಲ್ಲಿಗೂ ಹೋಗಲಿಲ್ಲ. ಬಂದರೂ ಇದ್ದ ಕಡೆಯೇ ಇದ್ದಿತು. ದೋಣಿಗಳೂ ಇದ್ದುವು, ದೋಣಿ ನಡೆಸಬಲ್ಲವರೂ ಇದ್ದರು. ಹೊರೆಯೊಂದು ಮಾತ್ರ ಬಾರದೆ ಹೋಯಿತು.

ನಾವು ಈ ದಿನ ಮಾತನಾಡಹೊರಟಿರುವುದು ಆಕಾಶದಲ್ಲಿ ಸರಕು ಸಾಗಿಸುವ ವಿಮಾನ ಸಂಸ್ಥೆಗಳನ್ನು ಕುರಿತು. ಹೀಗಿದ್ದೂ ಹಳೆಯ ಬಂದರಿನಿಂದ ಮೊದಲು ಮಾಡಿದುದು ಊರಿನ ಅಭಿಮಾನದಿಂದ ಮಾತ್ರವಲ್ಲ. ಹಡಗಾಗಲಿ ವಿಮಾನವಾಗಲಿ, ಸಾಗಣೆಯ ಉದ್ಯಮಕ್ಕೆ ಜೀವವಿರುವುದು ವಾಹನದಲ್ಲಿಯೋ ಹೊರೆಯಲ್ಲಿಯೋ ಎಂಬ ಪ್ರಶ್ನೆಗೆ ಕುಮಟೆ ನೂರು ವರ್ಷಕ್ಕೂ ಹಿಂದೆಯೇ ಉತ್ತರವನ್ನು ಕೊಟ್ಟುಬಿಟ್ಟಿದೆ. ಆ ಉತ್ತರವನ್ನು ಮರೆತ ವಿಮಾನ ಸಂಸ್ಥೆಗಳು ಏನಾದುವೆಂಬುದನ್ನು ಸ್ವಲ್ಪ ವಿಚಾರಿಸೋಣ.

ಸರಕು ಆಕಾಶದಲ್ಲಿ ಎರಡು ಬಗೆಯಾಗಿ ಸಂಚರಿಸುತ್ತದೆ. ನಾವು ನೀವು ಪ್ರಯಾಣ ಮಾಡುವ ವಿಮಾನದಲ್ಲಿ ನಮ್ಮ ಕಾಲ ಕೆಳಗೆ ಒಂದು ಉಗ್ರಾಣವಿರುತ್ತದೆ. ಪ್ರಯಾಣಿಕರ ಪೆಟ್ಟಿಗೆಗಳನ್ನು ಇಟ್ಟು ಮಿಕ್ಕ ಸ್ಥಳದಲ್ಲಿ ಹೂವು, ಔಷಧ, ಮೀನು, ಯಂತ್ರದ ಬಿಡಿಭಾಗ ಮುಂತಾದವು ಹೋಗುವುವು. ವಿಮಾನ ಹೇಗೂ ಹಾರುವುದರಿಂದ ಈ ಸರಕಿನ ಬಾಡಿಗೆ ಸಂಸ್ಥೆಗೆ ಮೇಲುಸಂಪಾದನೆ. ಎರಡನೆಯದು ಸರಕಿಗಾಗಿಯೇ ಮೀಸಲಾದ ವಿಮಾನ. ಇವುಗಳಲ್ಲಿ ಅನೇಕವು ಪ್ರಯಾಣಿಕರನ್ನು ಹೊತ್ತು ವಯಸ್ಸಾದ ವಿಮಾನಗಳೇ. ಆಸನಗಳನ್ನು ಕಿತ್ತು, ಪಕ್ಕೆಯಲ್ಲಿ ದೊಡ್ಡ ಬಾಗಿಲನ್ನು ಕತ್ತರಿಸಿ, ನೆಲವನ್ನು ಬಲಪಡಿಸಿ, ಹಲಗೆಗಳು ಉರುಳಿ ಒಳಗೆ ಹೋಗುವಂತೆ ಉರುಳೆಗಳನ್ನು ಜೋಡಿಸುತ್ತಾರೆ. ಮನುಷ್ಯರಿಗೆ ಹಳತಾದುದು ಮೂಟೆಗಳಿಗೆ ಹೊಸತಾಗುವುದು.

ಹೊರೆ ತುಂಬುವ ಕೆಲಸವೂ ನಾವು ಎಣಿಸಿದಷ್ಟು ಸುಲಭವಲ್ಲ. ವಿಮಾನದ ಭಾರ ಒಂದು ಕೇಂದ್ರದ ಸುತ್ತ ಸಮತೂಕವಾಗಿ ಹಂಚಿರಬೇಕು. ಹಿಂದೆ ಹೆಚ್ಚಾದರೂ ಅಪಾಯ, ಮುಂದೆ ಹೆಚ್ಚಾದರೂ ಅಪಾಯ. ಅದಲ್ಲದೆ ಬಾಡಿಗೆಯನ್ನು ತೂಕವೊಂದರಿಂದಲೇ ಗೊತ್ತುಮಾಡುವುದಿಲ್ಲ. ಆರು ಸಾವಿರ ಘನ ಸೆಂಟಿಮೀಟರು ಸ್ಥಳವನ್ನು ಒಂದು ಕಿಲೋಗ್ರಾಮೆಂದು ಎಣಿಸುವುದು ವಾಡಿಕೆ. ಉದ್ದಗಲ ಎತ್ತರಗಳೆಲ್ಲ ಒಂದೊಂದು ಮೀಟರು ಇರುವ ಪೆಟ್ಟಿಗೆಯಲ್ಲಿ ಮಲ್ಲಿಗೆಯನ್ನು ತುಂಬಿದರೆ, ಅದರ ನಿಜವಾದ ತೂಕ ಐವತ್ತು ಕಿಲೋ ಇದ್ದರೂ 167 ಕಿಲೋಗಳ ಬಾಡಿಗೆ ತೆರಬೇಕು. ಆದಕಾರಣ ವಿಮಾನಕ್ಕೆ ಒಪ್ಪುವ ಸರಕು ಯಾವುದೆಂದರೆ, ಗಾತ್ರಕ್ಕೆ ಬೆಲೆ ಹೆಚ್ಚಾಗಿಯೂ ಆಯುಸ್ಸು ಕಡಮೆಯಾಗಿಯೂ ಇರುವಂಥದು. ಹತ್ತಿಯ ಅಂಡಿಗೆಗೆ ಆಕಾಶ ಎಂದಿಗೂ ಹಾದಿಯಾಗಲಾರದು.

ಇನ್ನು ಈ ಸಂಸ್ಥೆಗಳ ಕಾರ್ಯಕ್ರಮವನ್ನು ನೋಡೋಣ. ಇವು ಬಹುಮಟ್ಟಿಗೆ ರಾತ್ರಿಯ ಪಕ್ಷಿಗಳು. ಹಗಲು ಸಂಗ್ರಹಿಸಿದ ಪೊಟ್ಟಣಗಳನ್ನು ಇರುಳು ಹಾರಿಸಿ ಬೆಳಗಿಗೆ ಮನೆಬಾಗಿಲಿಗೆ ಮುಟ್ಟಿಸುವುದೇ ಇವುಗಳ ಕಸಬು. ಪ್ರತಿ ಊರಿಂದ ಪ್ರತಿ ಊರಿಗೆ ವಿಮಾನ ಕಳುಹಿಸುವುದು ಅಸಾಧ್ಯವಾದುದರಿಂದ, ಎಲ್ಲವೂ ನಡುವಣ ಒಂದು ಊರಿನಲ್ಲಿ ಕೂಡಿ, ಮೂಟೆಗಳನ್ನು ಬದಲಿಸಿಕೊಂಡು ಹಿಂದಿರುಗುವುವು. ಇದು ಪರದೇಶದಿಂದ ಬಂದ ಉಪಾಯವೆಂದು ಹಲವರು ಭಾವಿಸುತ್ತಾರೆ. ಆದರೆ 1949ರಲ್ಲಿಯೇ ನಮ್ಮ ದೇಶದಲ್ಲಿ ರಾತ್ರಿಯ ವಿಮಾನ ಅಂಚೆ ಮೊದಲಾಯಿತು. ಮುಂಬಯಿ, ಕಲ್ಕತ್ತ, ಮದರಾಸು, ದೆಹಲಿ ಈ ನಾಲ್ಕು ನಗರಗಳಿಂದ ಹೊರಟ ಡಕೋಟಾ ವಿಮಾನಗಳು ನಡುರಾತ್ರಿಯ ಹೊತ್ತಿಗೆ ನಾಗಪುರದಲ್ಲಿ ಸೇರಿ, ಅಂಚೆಯ ಚೀಲಗಳನ್ನು ಅದಲುಬದಲು ಮಾಡಿಕೊಂಡು ಬೆಳಗಾಗುವುದರೊಳಗೆ ತಮ್ಮ ತಮ್ಮ ಊರುಗಳಿಗೆ ಮರಳುತ್ತಿದ್ದುವು. ಯುದ್ಧದಲ್ಲಿ ದುಡಿದು ಮಿಕ್ಕ ಡಕೋಟಾಗಳನ್ನು ಸಾಮಾನ್ಯರ ಬಳಕೆಗೆ ಒಗ್ಗಿಸಿದ ಕೆಲಸದಲ್ಲಿ, ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಪಾಲೂ ಉಂಟು. ಅಮೆರಿಕೆಯ ಫೆಡರಲ್ ಎಕ್ಸ್‌ಪ್ರೆಸ್ ಸಂಸ್ಥೆ ಮೆಂಫಿಸ್ ನಗರವನ್ನು ನಡುವಾಗಿಟ್ಟುಕೊಂಡು ಹಾರಲಾರಂಭಿಸಿದ್ದು 1973ರ ಏಪ್ರಿಲಿನಲ್ಲಿ. ಮೊದಲ ರಾತ್ರಿ ಅದರ 14 ವಿಮಾನಗಳು ಹೊತ್ತ ಪೊಟ್ಟಣಗಳು ಒಟ್ಟು 186! ಎರಡು ವರ್ಷಕ್ಕೂ ಮಿಕ್ಕಿ ಅದು ನಷ್ಟದಲ್ಲಿಯೇ ಹಾರಿತು. ಸಾಲಕೊಟ್ಟವರ ತಾಳ್ಮೆ ಇನ್ನಷ್ಟು ಕಡಮೆಯಾಗಿದ್ದರೆ ಆ ಹೆಸರನ್ನು ಇಂದು ಯಾರೂ ಕೇಳುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಎರಡು ಸಂಸ್ಥೆಗಳ ಚರಿತ್ರೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಉಚಿತ. ಬ್ಲೂ ಡಾರ್ಟ್ ಎಂಬುದು 1983ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಹದಿಮೂರು ವರ್ಷ ಅದು ಪೊಟ್ಟಣಗಳನ್ನು ಸಂಗ್ರಹಿಸುವ, ಹಂಚುವ ಕೆಲಸವನ್ನೇ ಮಾಡುತ್ತ ಬಂದಿತು. ಊರೂರಿನಲ್ಲಿ ಗಿರಾಕಿಗಳನ್ನು ಸಂಪಾದಿಸಿ, ಪ್ರತಿ ರಾತ್ರಿ ಇಷ್ಟು ಹೊರೆ ಬಂದೇ ಬರುವುದೆಂದು ಖಾತ್ರಿಯಾದ ಮೇಲೆ, 1996ರಲ್ಲಿ ಬೋಯಿಂಗ್ 737 ವಿಮಾನಗಳನ್ನು ಹಾರಿಸಿತು.

ಎರಡನೆಯದು ನಮ್ಮ ಕನ್ನಡಿಗರದೇ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯ ಮೂಲಕ ಸಾಮಾನ್ಯ ಜನರನ್ನು ಕಡಮೆ ದರದಲ್ಲಿ ಆಕಾಶಕ್ಕೇರಿಸಿದುದನ್ನು ಎಲ್ಲರೂ ಬಲ್ಲರು. ಅದು ಕೈಬದಲಾದ ಬಳಿಕ ಅವರು ಸುಮ್ಮನೆ ಕೂಡಲಿಲ್ಲ. 2009ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ 360 ಎಂಬ ಸರಕಿನ ಸಂಸ್ಥೆಯನ್ನು ಆರಂಭಿಸಿದರು. ಕೂಡುವ ಊರು ಅದೇ ಹಳೆಯ ನಾಗಪುರ. ಸುಮಾರು ನಲವತ್ತು ಟನ್ ಹೊರಬಲ್ಲ ಏರ್‌ಬಸ್ ಎ310 ವಿಮಾನಗಳು ದೊಡ್ಡ ನಗರಗಳಿಗೆ, ಚಿಕ್ಕ ಏಟಿಆರ್ ವಿಮಾನಗಳು ಇತರ ಊರುಗಳಿಗೆ, ಅಲ್ಲಿಂದ ಮುಂದೆ ಲಾರಿಗಳು. ಚಿಕ್ಕ ಪೇಟೆಯ ವ್ಯಾಪಾರಿಯ ಸರಕೂ ಮರುದಿನವೇ ದೇಶದ ಇನ್ನೊಂದು ಮೂಲೆಯನ್ನು ಮುಟ್ಟಬೇಕೆಂಬುದು ಅವರ ಉದ್ದೇಶ. ಉದ್ದೇಶದಲ್ಲಿ ಲೋಪವಿರಲಿಲ್ಲ. 2010ರಲ್ಲಿ ರಿಲಯನ್ಸ್ ಸಂಸ್ಥೆಯೂ ಅದರಲ್ಲಿ ಹಣ ತೊಡಗಿಸಿತು. ಆದರೂ 2011ರಲ್ಲಿ ಅದರ ಹಾರಾಟ ನಿಂತುಹೋಯಿತು.

ಕಾರಣಗಳು ಒಂದೆರಡಲ್ಲ. 2009ರಲ್ಲಿ ಪೀಪಾಯಿಗೆ ಸರಾಸರಿ ಅರವತ್ತು ಚಿಲ್ಲರೆ ಡಾಲರು ಇದ್ದ ಕಚ್ಚಾ ಎಣ್ಣೆ 2011ರಲ್ಲಿ ನೂರನ್ನು ಮೀರಿತು. ಆದರೆ ನಮಗೆ ಮುಖ್ಯವಾಗಿ ತೋರುವುದು ಇದು: ಒಂದು ಸಂಸ್ಥೆ ಹೊರೆಯನ್ನು ಸಂಪಾದಿಸಿ ವಿಮಾನವನ್ನು ತಂದಿತು, ಇನ್ನೊಂದು ವಿಮಾನವನ್ನು ತಂದು ಹೊರೆಗಾಗಿ ಕಾಯಿತು. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ನಿಂತ ವಿಮಾನಕ್ಕೆ ಸರಿಯಾಗಿ ಒಪ್ಪುವುದು. ಹಾರಲಿ, ಬಿಡಲಿ, ಅದರ ಬಾಡಿಗೆ, ವಿಮೆ, ಚಾಲಕರ ಸಂಬಳ ನಿಲ್ಲುವುದಿಲ್ಲ. ಹಾರಿದರೂ, ಹೋಗುವಾಗ ತುಂಬಿ ಬರುವಾಗ ಬರಿದಾದರೆ, ಒಂದು ಹೊರೆಯ ಬಾಡಿಗೆಯಿಂದ ಎರಡು ಹಾರಾಟದ ಎಣ್ಣೆಯ ವೆಚ್ಚವನ್ನು ಹೊರಬೇಕು. ಪ್ರಯಾಣಿಕನಾದರೋ ಹೋದವನು ಮರಳಿ ಬರುತ್ತಾನೆ. ಮೂಟೆ ಮರಳಿ ಬರುವುದಿಲ್ಲ. ಈ ಒಂದು ವ್ಯತ್ಯಾಸದಲ್ಲಿ ಸರಕಿನ ವಿಮಾನದ ಕಷ್ಟವೆಲ್ಲ ಅಡಗಿದೆ.

ಇಷ್ಟು ಹೇಳಿದುದರಿಂದ ಸರಕಿನ ವಿಮಾನ ನಮ್ಮಂಥವರಿಗೆ ಬೇಡವೆಂದು ಯಾರೂ ತಿಳಿಯಬಾರದು. ಅದರ ಬೆಲೆ ನಮಗೆ ಗೊತ್ತಾದುದು 2024ರ ಜುಲೈ ತಿಂಗಳಿನಲ್ಲಿ. ಮನೆಯ ಹಿರಿಯರೊಬ್ಬರಿಗೆ ಒಂದು ಔಷಧ ತುರ್ತಾಗಿ ಬೇಕಾಗಿತ್ತು, ಮುಂಬಯಿಯಿಂದ ತರಿಸಿದೆವು. ಪ್ರಯಾಣಿಕರ ವಿಮಾನದ ಉಗ್ರಾಣದಲ್ಲಿ ಅದು ಸುಮಾರು ಒಂದು ಗಂಟೆಯಲ್ಲಿ ಗೋವೆಯನ್ನು ಮುಟ್ಟಿತು. ಆದರೆ ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಗಿದ್ದುದರಿಂದ ಪೊಟ್ಟಣ ಗೋವೆಯಲ್ಲಿಯೇ ಉಳಿಯಿತು. ಎರಡು ದಿನ ನಾವು ಪಟ್ಟ ಸಂಕಟವನ್ನು ಇಲ್ಲಿ ವರ್ಣಿಸಬೇಕಾಗಿಲ್ಲ. ಕೊನೆಗೆ ಮಡಗಾಂವಿನಿಂದ ರೈಲಿನಲ್ಲಿ ಬಂದ ಪರಿಚಿತರೊಬ್ಬರು ಅದನ್ನು ಕೈಯಲ್ಲಿ ಹಿಡಿದು ತಂದುಕೊಟ್ಟರು. ಐನೂರು ಕಿಲೋಮೀಟರನ್ನು ವಿಮಾನ ಸುಲಭವಾಗಿ ದಾಟಿತು. ಮಿಕ್ಕ ನೂರೈವತ್ತನ್ನು ದಾಟಿಸಿದುದು ಒಬ್ಬ ಮನುಷ್ಯನ ದಯೆ.

ಈಗ ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನನಿಲ್ದಾಣದ ಜೊತೆಗೆ ನಾಗರಿಕರಿಗೂ ಅನುಕೂಲ ಮಾಡಿಕೊಡುವ ಯೋಜನೆ ನಮ್ಮ ಜಿಲ್ಲೆಯ ಮುಂದಿದೆ. ಅದಕ್ಕಾಗಿ ರೈತರು ಬಿಡಬೇಕಾಗುವುದು ಉತ್ತು ಬಿತ್ತಿದ ನೆಲವನ್ನು. ಅಷ್ಟು ದೊಡ್ಡ ಬೆಲೆಯನ್ನು ಅವರಿಂದ ಕೇಳುವಾಗ, ಅಲ್ಲಿ ಇಳಿಯುವ ವಿಮಾನ ಹಿಂದಿರುಗುವಾಗ ಏನನ್ನು ಒಯ್ಯುವುದೆಂದು ವಿದ್ಯಾವಂತರಾದ ನಾವು ಮೊದಲೇ ಕೇಳಿಕೊಳ್ಳಬೇಡವೆ? ಹೆದ್ದಾರಿಯ ಬದಿಯಲ್ಲಿ ಹೆಣೆದು ತೂಗುಹಾಕುವ ಕುಮಟೆಯ ಸಿಹಿ ಈರುಳ್ಳಿಗೆ ಲಾರಿಯೇ ಸಾಕು. ಅದು ತಾಳುವ ಸರಕು, ವಿಮಾನದ ಬಾಡಿಗೆಯನ್ನು ಹೊರಲಾರದು. ಭಟ್ಕಳದ ಮಲ್ಲಿಗೆ ಮಾತ್ರ ಸಂಜೆಗೆ ಬಾಡುವ ಹೂವು. 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಅಂಕೋಲೆಯ ಕರಿ ಇಶಾಡು ಮಾವು ಕೆಲವೇ ದಿನ ಬಾಳುವ ಹಣ್ಣು. ತದಡಿಯ ಸಿಗಡಿ, ಅಘನಾಶಿನಿಯ ಏಡಿ ಇವೂ ಕಾಯಲಾರದ ಸರಕುಗಳೇ. ಇವುಗಳಿಗೆ ಮೀಸಲಾದ ದೊಡ್ಡ ವಿಮಾನ ಬೇಕಿಲ್ಲ; ಪ್ರಯಾಣಿಕರ ಕಾಲ ಕೆಳಗಿನ ಸ್ಥಳವೇ ಧಾರಾಳವಾಯಿತು. ಆದರೆ ಬೆಳೆಗಾರರು ಒಟ್ಟುಗೂಡಿ ದಿನವೂ ಇಷ್ಟು ಕೊಡುತ್ತೇವೆಂದು ಮಾತು ಕೊಡಬೇಕು. ವಿಂಗಡಿಸಿ ಕಟ್ಟುವ ಮನೆ ಬೇಕು, ತಣ್ಣಗಿಡುವ ಕೋಣೆ ಬೇಕು; ಮಳೆಗಾಲದಲ್ಲಿಯೂ ಮುಚ್ಚದ ರಸ್ತೆ ಎಲ್ಲಕ್ಕಿಂತ ಮೊದಲು ಬೇಕು.

ಬೆಂಗಳೂರಿನ ವಿಮಾನನಿಲ್ದಾಣದಲ್ಲಿ 2024-25ನೆಯ ಸಾಲಿನಲ್ಲಿ 5 ಲಕ್ಷ ಟನ್ನಿಗೂ ಮಿಕ್ಕಿ ಸರಕು ಸಾಗಿತು. ಇದು ಅಲ್ಲಿಯ ಓಟದ ಹಾದಿಯ ಉದ್ದದಿಂದ ಮಾತ್ರ ಆದುದಲ್ಲ. ಸುತ್ತಣ ತೋಟಗಳೂ ಕಾರ್ಖಾನೆಗಳೂ ದಿನದಿನವೂ ಹೊರೆಯನ್ನು ತಂದು ಸುರಿಯುವುದರಿಂದ ಆದುದು. ನಮ್ಮ ಊರಿನ ಹಳೆಯ ಬಂದರಿಗೂ ಧಾರವಾಡದ ರೈತ ಇದನ್ನೇ ಮಾಡಿದ್ದನು. ಅವನು ಬೇರೆ ಹಾದಿ ಹಿಡಿದ ದಿನ ಬಂದರು ಬರಿದಾಯಿತು. ಅಲಗೇರಿಯಲ್ಲಿ ವಿಮಾನ ಇಳಿಯುವ ಹೊತ್ತಿಗೆ ಮಲ್ಲಿಗೆಯ ಪೆಟ್ಟಿಗೆಗಳು ಅಲ್ಲಿ ಸಿದ್ಧವಾಗಿರುವಂತೆ ಮಾಡುವುದು ವಿಮಾನ ಸಂಸ್ಥೆಯ ಕೆಲಸವಲ್ಲ, ನಮ್ಮ ಕೆಲಸ. ಅದನ್ನು ಈಗಲೇ ತೊಡಗುವುದು ಒಳ್ಳೆಯದು.